ಇಲ್ಲಕ್ಕ ಬರೆಸುತ್ತಿದ್ದ ಕಾಗದ

ಅವಳು ಸತ್ತ ನಾಲ್ಕನೆಯ ದಿನ ಶಾಲೆಯಲ್ಲಿ ಶೋಕಸಭೆ ನಡೆಯಿತು. ಹೆಡ್‌ಮಾಸ್ಟರು ಮೈಕಿನ ಮುಂದೆ ನಿಂತು ಅವಳನ್ನು ‘ಸದಾ ಹಸನ್ಮುಖಿ, ಮೃದುಭಾಷಿ’ ಎಂದರು. ಹಿಂದಿನ ಬೆಂಚುಗಳಲ್ಲಿದ್ದ ಕೊನೆಯ ವರ್ಷದ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೇರೆ ಯಾರೋ ಸತ್ತಿರಬೇಕು ಅಂದುಕೊಂಡರೋ ಏನೋ. ನಾನು ಅವಳ ಜತೆ ನಲವತ್ತು ವರ್ಷ ಒಡನಾಡಿದವಳು. ಅವಳು ನಕ್ಕದ್ದನ್ನು ಬೆರಳೆಣಿಕೆಯಷ್ಟು ಸಲ ನೋಡಿದ್ದೇನೆ. ಅದರಲ್ಲಿ ಎರಡು ಸಲ ನಾನು ಜಾರಿ ಬಿದ್ದಿದ್ದೆ.

ಆ ಸಭೆಯಲ್ಲಿ ಎದ್ದು ನಿಂತು ಹೇಳಬೇಕಾಗಿದ್ದುದನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ. ಅವಳಿಗೆ ಸುಳ್ಳು ಸೇರುತ್ತಿರಲಿಲ್ಲ. ಸತ್ತ ಮೇಲೆ ಸೇರಬಹುದು ಅಂದುಕೊಳ್ಳಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ಅವಳು ನಮ್ಮ ಹೈಸ್ಕೂಲಿನ ಲೈಬ್ರರಿ ನೋಡಿಕೊಳ್ಳುತ್ತಿದ್ದಳು. ನಾನು ಅಲ್ಲೇ ಗಣಿತದ ಟೀಚರು. ಅವಳ ಕೆಲಸ ಪುಸ್ತಕ ಕೊಡುವುದು, ಪುಸ್ತಕ ತೆಗೆದುಕೊಳ್ಳುವುದು, ಅಷ್ಟೇ. ಆದರೆ ಕೊನೆಯ ವರ್ಷದ ಮಕ್ಕಳಿಗೆ ಸ್ಕಾಲರ್‌ಶಿಪ್ಪು ಹುಡುಕಿ, ಅರ್ಜಿ ಬರೆಸಿ, ಕಾಲೇಜಿಗೆ ದಾಟಿಸುವ ಕೆಲಸವನ್ನು ಯಾರೂ ಕೊಡದೆ ತಾನೇ ಎಳೆದುಕೊಂಡಿದ್ದಳು. ಅದಕ್ಕೆ ಒಂದು ಮೇಜು ಇತ್ತು. ಲೈಬ್ರರಿಯ ಹಿಂಬಾಗಿಲ ಪಕ್ಕ, ಸೈಕಲ್ ನಿಲ್ಲಿಸುವ ಕಡೆಗೆ ತೆರೆಯುವ ಕಿಟಕಿಯ ಕೆಳಗೆ. ಮೇಜಿನ ಮೇಲೆ ಅಂಟಿನ ಬಾಟಲಿ, ಹಸಿರು ದಾರದ ಟ್ಯಾಗುಗಳು, ಒಣಗಿದ ಸ್ಟಾಂಪ್ ಪ್ಯಾಡು, ಒಂದು ಕೆಂಪು ಪೆನ್ನು. ಪಕ್ಕದಲ್ಲಿ ಹಳೆಯ ಕಾರ್ಡ್ ಡ್ರಾಯರುಗಳು. ಪುಸ್ತಕಗಳ ಪಟ್ಟಿ ಕಂಪ್ಯೂಟರಿಗೆ ಹೋದ ಮೇಲೆ ಆ ಖಾಲಿ ಡ್ರಾಯರುಗಳನ್ನು ಅವಳು ಸ್ಕಾಲರ್‌ಶಿಪ್ಪುಗಳಿಗೆ ಕೊಟ್ಟಿದ್ದಳು. ಒಂದೊಂದು ಟ್ರಸ್ಟಿಗೆ ಒಂದೊಂದು ಕಾರ್ಡು. ಮೇಲೆ ಹೆಸರು, ಕೊನೆಯ ದಿನಾಂಕ. ಕೆಳಗೆ ಅವಳ ಷರಾ. ‘ಇವರಿಗೆ ಕಣ್ಣೀರು ಇಷ್ಟ. ಕೊಡಕೂಡದು.’ ‘ಸಂದರ್ಶನದಲ್ಲಿ ಎಡಗಡೆ ಕೂರುವವರಿಗೆ ಕಿವಿ ಮಂದ, ಜೋರಾಗಿ ಮಾತಾಡಬೇಕು.’ ‘ಫೋಟೋಗೆ ಪಿನ್ನು ಹೊಡೆದರೆ ಅರ್ಜಿಯನ್ನೇ ಬಿಸಾಕುತ್ತಾರೆ, ಅಂಟಿಸಬೇಕು.’

ಮಕ್ಕಳು ಅವಳಿಗಿಟ್ಟ ಹೆಸರು ಇಲ್ಲಕ್ಕ. ಎದುರಿಗೆ ‘ಅಕ್ಕ’, ಬೆನ್ನ ಹಿಂದೆ ‘ಇಲ್ಲಕ್ಕ’. ಏನು ಕೇಳಿದರೂ ಮೊದಲು ‘ಇಲ್ಲ’ ಎನ್ನುತ್ತಿದ್ದಳು ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಅವಳ ಕಾಗದ.

ಅವಳ ಪದ್ಧತಿ ಹೀಗಿತ್ತು. ಯಾವ ಮಗು ಬಂದು “ಅಕ್ಕ, ಈ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕ್ತೀನಿ” ಎಂದರೂ ಅರ್ಜಿ ಮುಟ್ಟಲು ಬಿಡುತ್ತಿರಲಿಲ್ಲ. ಬಿಳಿ ಹಾಳೆಯೊಂದನ್ನು ಮುಂದೆ ತಳ್ಳಿ, “ಮೊದಲು ನಿನಗೆ ನೀನೇ ‘ಇಲ್ಲ’ ಅಂತ ಬರ್ಕೊ” ಎನ್ನುತ್ತಿದ್ದಳು. ಅಂದರೆ ಆ ಟ್ರಸ್ಟಿನವರು ನಿನ್ನನ್ನು ಬೇಡ ಎಂದು ತೀರ್ಮಾನಿಸಿದ್ದಾರೆ ಅಂದುಕೋ. ಅವರ ಪರವಾಗಿ ನೀನೇ ಆ ಪತ್ರ ಬರಿ. ಯಾಕೆ ಬೇಡ ಅಂದರು ಎಂಬುದಕ್ಕೆ ಮೂರು ಕಾರಣ ಕೊಡು. ಕಾರಣಗಳು ನಿಜವಾದವೇ ಆಗಿರಬೇಕು. ಪತ್ರ ಥೇಟ್ ಆಫೀಸಿನ ಪತ್ರದ ಹಾಗಿರಬೇಕು.

“ನಿಜದ ಹಾಗಿರ್ಬೇಕು. ಇಲ್ದಿದ್ರೆ ಉರಿಯಲ್ಲ. ಉರಿದೇ ಇದ್ರೆ ಉತ್ತರ ಹೊಳೆಯಲ್ಲ.”

ಆಮೇಲೆ ಒಂದು ವಾರದೊಳಗೆ ಆ ಮೂರು ಕಾರಣಗಳಿಗೂ ಉತ್ತರ ಹುಡುಕಿಕೊಂಡು ಬರಬೇಕು. ಆ ಉತ್ತರಗಳೇ ಅರ್ಜಿ. ಮಕ್ಕಳು ಅತ್ತದ್ದಿದೆ. ಒಬ್ಬ ಹುಡುಗ ‘ನಾನು ಸೋಮಾರಿ’ ಎಂದು ಬರೆದು ತಂದಾಗ, “ಇದು ನಿಮ್ಮಮ್ಮ ಹೇಳೋದು. ನಿನ್ನ ಕಾರಣ ಎಲ್ಲಿ?” ಎಂದು ಹರಿದು ಬಿಸಾಕಿದಳು. ಇನ್ನೊಬ್ಬಳು ಬಡತನದ ಬಗ್ಗೆ ಎರಡು ಪುಟ ಬರೆದು ತಂದಳು. “ಇದು ಕಾರಣ ಅಲ್ಲ, ವಿಳಾಸ” ಎಂದಳು.

ನಾನು ಎಷ್ಟೋ ಸಲ ಹೇಳಿದ್ದೇನೆ. “ಮಕ್ಕಳಿಗೆ ಸ್ವಲ್ಪ ಧೈರ್ಯ ಹೇಳೇ. ನಿನ್ನ ಬಾಯಲ್ಲಿ ಒಂದು ಒಳ್ಳೆ ಮಾತು ಬಂದ್ರೆ ಹಲ್ಲು ಉದುರುತ್ತಾ?”

“ನಿನಗೆ ಹೌದು ಅಂತ ಬಂದಿತ್ತು. ನಿನಗೆ ಗೊತ್ತಾಗಲ್ಲ.”

ವಾದದಲ್ಲಿ ಸೋಲುವ ಹಾಗಾದಾಗಲೆಲ್ಲ ಅವಳು ಈ ಒಂದು ಮಾತನ್ನು ತಂದು ನನ್ನ ಮುಖಕ್ಕೆ ಹೊಡೆಯುತ್ತಿದ್ದಳು. ಅದರ ಕತೆ ಇಷ್ಟೇ. ನಾವಿಬ್ಬರೂ ಇದೇ ಶಾಲೆಯಲ್ಲಿ, ಒಂದೇ ಬೆಂಚಿನಲ್ಲಿ ಓದಿದವರು. ರಸಾಯನಶಾಸ್ತ್ರದಲ್ಲಿ ಅವಳನ್ನು ಮೀರಿಸುವವರು ಇರಲಿಲ್ಲ. ಇಬ್ಬರೂ ಒಂದೇ ಟ್ರಸ್ಟಿಗೆ ಅರ್ಜಿ ಹಾಕಿದೆವು, ಒಂದೇ ದಿನ ಸಂದರ್ಶನಕ್ಕೆ ಹೋದೆವು. ನನಗೆ ಕೊಟ್ಟರು. ಅವಳಿಗೆ ಎರಡು ಸಾಲಿನ ಕಾಗದ ಬಂತು. ಆಯ್ಕೆ ಮಾಡಲಾಗಿಲ್ಲ, ವಂದನೆಗಳು. ಯಾಕೆ ಎಂದು ಒಂದಕ್ಷರ ಇರಲಿಲ್ಲ. ನಾನು ಕಾಲೇಜಿಗೆ ಹೋಗಿ ಟೀಚರಾಗಿ ವಾಪಸು ಬರುವ ಹೊತ್ತಿಗೆ ಅವಳು ಲೈಬ್ರರಿಯಲ್ಲಿ ಧೂಳು ಒರೆಸುವ ಕೆಲಸಕ್ಕೆ ಸೇರಿ ಐದು ವರ್ಷವಾಗಿತ್ತು. ಆ ಎರಡು ಸಾಲಿನ ಕಾಗದ ಕೊನೆಯವರೆಗೂ ಅವಳ ಮೇಜಿನ ಗಾಜಿನ ಕೆಳಗೆ ಇತ್ತು. ಬಂದವರೆಲ್ಲ ಅದರ ಮೇಲೇ ಮೊಣಕೈ ಊರುತ್ತಿದ್ದರು.

ಹೋದ ವರ್ಷ ಅವಳ ಮೇಜಿಗೆ ಅಂಟಿಕೊಂಡವಳು ಇಸ್ತ್ರಿ ಅಂಗಡಿಯ ಹುಡುಗಿ. ತಂದೆ ತಾಯಿ ಇಲ್ಲ. ದೊಡ್ಡಪ್ಪ ಸಾಕಿದ. ಆತನಿಗೆ ಬೇರೆ ಯಾರೂ ಇಲ್ಲ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಆತನ ಇಸ್ತ್ರಿ ಅಂಗಡಿ. ಬಟ್ಟೆ ಮಡಚುವುದು, ಗಂಟು ಕಟ್ಟುವುದು, ಮನೆಮನೆಗೆ ಮುಟ್ಟಿಸುವುದು ಹುಡುಗಿಯ ಪಾಲು. ಅವಳಿಗೂ ರಸಾಯನಶಾಸ್ತ್ರವೆಂದರೆ ಜೀವ. ಇಲ್ಲಕ್ಕ ಅವಳನ್ನು ಎಲ್ಲರಿಗಿಂತ ಜಾಸ್ತಿ ಬೈಯುತ್ತಿದ್ದಳು. ಅದರಿಂದಲೇ ನನಗೆ ಗೊತ್ತಾಯಿತು, ಈ ಹುಡುಗಿ ಅವಳಿಗೆ ಬೇಕಾದವಳು ಎಂದು.

ದೊಡ್ಡದೊಂದು ಟ್ರಸ್ಟಿನಿಂದ ಹುಡುಗಿಗೆ ಸಂದರ್ಶನದ ಕರೆ ಬಂತು. ಗುರುವಾರ ಬೆಳಿಗ್ಗೆ ಹತ್ತಕ್ಕೆ, ಮೂರು ತಾಸಿನ ಬಸ್ ದಾರಿ. ಒಂದು ಕಡ್ಡಾಯ ನಿಯಮ: ಪೋಷಕರೊಬ್ಬರು ಜತೆಗೆ ಬರಲೇಬೇಕು, ಅಲ್ಲೇ ಸಹಿ ಹಾಕಬೇಕು. ಪೋಷಕ ಎಂದರೆ ದೊಡ್ಡಪ್ಪ. ಆತ “ನೋಡೋಣ” ಎಂದಿದ್ದನಂತೆ. ಆತ ಬಾರದಿದ್ದರೆ ಸಂದರ್ಶನವಿಲ್ಲ, ಸಂದರ್ಶನವಿಲ್ಲದಿದ್ದರೆ ಕಾಲೇಜಿಲ್ಲ.

ಕರೆ ಬಂದ ಮೇಲೂ ಇಲ್ಲಕ್ಕ ಬಿಡಲಿಲ್ಲ. “ಸಂದರ್ಶನ ಆದ್ಮೇಲೆ ಅವರು ನಿನ್ನನ್ನ ಯಾಕೆ ಬೇಡ ಅಂತಾರೆ? ಬರಿ.” ಹುಡುಗಿ ಜಾಣೆ. ಶಾಲೆಯ ಕಂಪ್ಯೂಟರಿನಲ್ಲಿ, ಕರೆಪತ್ರದ ತಲೆಬರಹವನ್ನೇ ನಕಲು ಮಾಡಿ, ಉಲ್ಲೇಖ ಸಂಖ್ಯೆ ಹಾಕಿ, ಟೈಪು ಮಾಡಿ, ಪ್ರಿಂಟು ತೆಗೆದಳು. ‘ಕೆಳಕಂಡ ಕಾರಣಗಳಿಂದ ತಮ್ಮನ್ನು ಆಯ್ಕೆ ಮಾಡಲು ಸಾಧ್ಯವಾಗಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ. ಒಂದು, ಅಭ್ಯರ್ಥಿಯು ಒಂಬತ್ತನೆಯ ತರಗತಿಯಲ್ಲಿ ಗಣಿತದಲ್ಲಿ ಹಿಂದೆ ಬಿದ್ದಿರುತ್ತಾರೆ. ಎರಡು, ಅಭ್ಯರ್ಥಿಯು ನೆಲ ನೋಡಿಕೊಂಡು ಉತ್ತರಿಸುತ್ತಾರೆ. ಮೂರು, ಅಭ್ಯರ್ಥಿಯು ಓದುವುದು ಅವರ ಮನೆಯವರಿಗೆ ಬೇಕಾಗಿಲ್ಲ. ಇಂಥವರು ನಡುವೆಯೇ ಓದು ಬಿಡುವ ಸಂಭವ ಹೆಚ್ಚು.’

ಇಲ್ಲಕ್ಕ ಅದನ್ನು ಎರಡು ಸಲ ಓದಿ, “ಹೂಂ, ಪರವಾಗಿಲ್ಲ” ಎಂದಳಂತೆ. ಅವಳ ಬಾಯಲ್ಲಿ ಅದು ಚಿನ್ನದ ಪದಕ.

ಇಂಥ ಕಾಗದಗಳು ಲೈಬ್ರರಿ ಬಿಟ್ಟು ಹೊರಗೆ ಹೋಗಬಾರದು ಎಂಬ ನಿಯಮವಿತ್ತು. ಎಲ್ಲವನ್ನೂ ಅವಳು ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಇಡುತ್ತಿದ್ದಳು. ಹುಡುಗಿ ಉತ್ತರ ಯೋಚಿಸಲೆಂದು ಕದ್ದು ಮನೆಗೆ ಒಯ್ದಳು, ಯೂನಿಫಾರ್ಮಿನ ಜೇಬಿನಲ್ಲಿ. ಶನಿವಾರ ಯೂನಿಫಾರ್ಮು ಇಸ್ತ್ರಿಗೆ ಬಿತ್ತು. ಇಸ್ತ್ರಿ ಮಾಡುವವರು ಯಾವ ಬಟ್ಟೆ ಮುಟ್ಟಿದರೂ ಮೊದಲು ಜೇಬು ನೋಡುತ್ತಾರೆ.

ಸೋಮವಾರ ಮೊದಲನೆಯ ಗಂಟೆ ಹೊಡೆಯುವ ಮುಂಚೆಯೇ ದೊಡ್ಡಪ್ಪ ಲೈಬ್ರರಿಯ ಬಾಗಿಲಲ್ಲಿದ್ದ. ನಾನು ಗ್ರಾಫ್ ಹಾಳೆ ತರಲು ಹೋದವಳು ಅಲ್ಲೇ ನಿಂತೆ. ಗಟ್ಟಿಮುಟ್ಟಾದ ಮನುಷ್ಯ. ಬಲಗೈ ಎಡಗೈಗಿಂತ ದಪ್ಪ. ಹಿಂದೆ ಹುಡುಗಿ, ಅತ್ತು ಅತ್ತು ಮುಖ ಊದಿತ್ತು.

“ಲೈಬ್ರರಿಯಮ್ಮ ಯಾರು ಇಲ್ಲಿ?”

“ಮೆತ್ತಗೆ. ಗೋಡೆ ಮೇಲೆ ಬರ್ದಿದೆ, ಓದೋಕೆ ಬರಲ್ವಾ?” ಇಲ್ಲಕ್ಕ ತಲೆ ಎತ್ತಲೂ ಇಲ್ಲ.

“ಓದೋಕೆ ಬರುತ್ತೆ. ಅದಕ್ಕೇ ಬಂದಿದೀನಿ.” ಕಾಗದವನ್ನು ಮೇಜಿನ ಮೇಲೆ ಬಡಿದ. “ಆಯ್ಕೆ ಮಾಡಲ್ಲ ಅಂದ್ರೆ ಬೇಡ, ಹಾಳಾಗ್ಲಿ. ನಮ್ಮನೆ ವಿಷ್ಯ ಅವರ ಕಿವಿಗೆ ಹೋಗಿ ಊದಿದ್ದು ಯಾರು? ನೀವು ತಾನೇ?”

“ಇದನ್ನ ಬರೆದಿದ್ದು ಅವರಲ್ಲ, ನಿಮ್ಮ ಹುಡುಗಿ.”

“ನಾನೂ ಶನಿವಾರದಿಂದ ಅದನ್ನೇ ಹೇಳ್ತಿದೀನಿ, ದೊಡ್ಡಪ್ಪ...”

“ನೀನು ಸುಮ್ನಿರು! ತನಗೆ ತಾನೇ ಆಗಲ್ಲ ಅಂತ ಯಾರಾದ್ರೂ ಕಾಗದ ಬರ್ಕೋತಾರೇನ್ರೀ? ನನ್ನ ತಲೆ ಮೇಲೇನು ಟೋಪಿ ಕಾಣಿಸ್ತಿದ್ಯಾ, ಇನ್ನೊಂದು ಹಾಕೋಕೆ?”

ಇಲ್ಲಕ್ಕ ಬಿಸ್ಕತ್ತಿನ ಡಬ್ಬಿ ತೆಗೆದು ಮೇಜಿನ ಮೇಲೆ ಬೋರಲು ಹಾಕಿದಳು. ನಲವತ್ತೋ ಐವತ್ತೋ ಕಾಗದಗಳು. ಎಲ್ಲವೂ ವಿಷಾದಿಸುತ್ತಿದ್ದವು. ಆತ ಒಂದನ್ನು ಎತ್ತಿಕೊಂಡು ಓದಿದ, ಇನ್ನೊಂದನ್ನು ಓದಿದ. ಮೂರನೆಯದರ ಹೊತ್ತಿಗೆ ಅರ್ಥವಾಯಿತು. ಇಷ್ಟಕ್ಕೆ ಮುಗಿಯಿತು, ಇನ್ನು ಆತ ಮುಖ ಸಣ್ಣದು ಮಾಡಿಕೊಂಡು ಹೊರಡುತ್ತಾನೆ ಅಂದುಕೊಂಡೆ.

ಆತ ಹೊರಡಲಿಲ್ಲ. ಹುಡುಗಿಯ ಕಡೆ ತಿರುಗಿದ. ಅಷ್ಟು ಹೊತ್ತು ಇದ್ದ ದನಿ ಈಗ ಇರಲಿಲ್ಲ.

“ಹಾಗಾದ್ರೆ ಆ ಮೂರನೇದು... ಅದನ್ನ ನೀನೇ ಬರ್ದಿದ್ದಾ?”

ಹುಡುಗಿ ನೆಲ ನೋಡಿದಳು.

“ಆಫೀಸಿನವರು ಬರೆದಿದಾರೆ ಅಂದ್ಕೊಂಡಾಗ ಎರಡು ಒದ್ದು ಬರೋಣ ಅನ್ನಿಸಿತ್ತು” ಎಂದು ಯಾರಿಗೂ ಅಲ್ಲದ ಹಾಗೆ ಹೇಳಿದ. ಆಮೇಲೆ ಇಲ್ಲಕ್ಕನಿಗೆ, “ಗುರುವಾರ ನಾನು ಬರಲ್ಲ. ಓದು ಬೇಡ ಅನ್ನೋ ಮನೆಯವನು ತಾನೇ ನಾನು? ಹಾಗೇ ಆಗ್ಲಿ” ಎಂದು ಹೊರಟುಹೋದ.

ಗದ್ದಲ ಕೇಳಿ ಹೆಡ್‌ಮಾಸ್ಟರು ಓಡಿ ಬಂದರು. ಅವರಿಗೆ ಆ ಮೇಜಿನ ಮೇಲೆ ಮೊದಲಿಂದಲೂ ಕಣ್ಣು. ಆ ಜಾಗದಲ್ಲಿ ಬಹುಮಾನದ ಕಪ್ಪುಗಳನ್ನಿಡಲು ಗಾಜಿನ ಬೀರು ನಿಲ್ಲಿಸಬೇಕೆಂದು ಅವರ ಆಸೆ.

“ನಾನು ಆವತ್ತೇ ಹೇಳ್ಲಿಲ್ವಾ? ಇದು ಪ್ರೋತ್ಸಾಹ ಕೊಡೋ ರೀತಿನಾ? ಮಕ್ಕಳ ಮನಸ್ಸು ಹಾಳು ಮಾಡಿದ್ರಿ, ಈಗ ಮನೆಯವರದ್ದೂ ಹಾಳು ಮಾಡಿದ್ರಿ. ನಾಳೆಯಿಂದ ಈ ಮೇಜು ಇಲ್ಲಿರಕೂಡದು!”

“ತಗೊಂಡ್ಹೋಗಿ ಸಾರ್. ನೆಲ ಬಿಟ್ಟು ಹೋಗ್ತೀರಲ್ಲ, ಕೂತ್ಕೋತೀನಿ.”

ಅವರು ಹೋದ ಮೇಲೆ ನಾನೂ ಅವಳ ಮೇಲೆ ಹರಿಹಾಯ್ದೆ. ಆ ದಿನ ನನಗೂ ತಡೆಯಲಾಗಲಿಲ್ಲ.

“ಈ ಸಲ ತಪ್ಪು ನಿಂದೇ ಕಣೇ. ಸಾಕಿದವರ ಬಗ್ಗೆ ಒಂದು ಹುಡುಗಿ ಕೈಲಿ ಹೀಗೆ ಬರೆಸ್ತಾರಾ?”

“ಸುಳ್ಳಾ ಅದು?”

“ನಿಜ ಅಂತ ನಿನಗೆ ಹೇಗೆ ಗೊತ್ತು? ಒಂದಿನ ಆತನನ್ನ ಕರೆದು ಕೇಳಿದ್ದೀಯಾ?”

‘ನಿನಗೆ ಹೌದು ಅಂತ ಬಂದಿತ್ತು’ ಬರುತ್ತದೆ ಎಂದು ಕಾದೆ. ಬರಲಿಲ್ಲ. ಕೆಂಪು ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು.

ಮಂಗಳವಾರ ಸಂಜೆ ಶಾಲೆ ಬಿಟ್ಟ ಮೇಲೆ, “ನಡಿ” ಎಂದಳು. ಎಲ್ಲಿಗೆ ಎಂದು ಕೇಳದೆ ಹೋದೆ.

ಇಸ್ತ್ರಿ ಅಂಗಡಿ ಎಂದರೆ ಒಂದು ಬಾಗಿಲಗಲದ ಕೋಣೆ. ಉದ್ದದ ಮೇಜು, ಅದರ ಮೇಲೆ ಕಂದು ಕಲೆಗಳ ದಪ್ಪ ಕಂಬಳಿ. ಮುಚ್ಚಳಕ್ಕೆ ತೂತು ಕೊರೆದ ನೀರಿನ ಬಾಟಲಿ. ಗೋಡೆಗೆ ಒರಗಿದ ಗಂಟುಗಳು. ಬಿಸಿ ಬಟ್ಟೆಯ ವಾಸನೆ ಮೂಗಿಗಲ್ಲ, ಗಂಟಲಿಗೇ ಇಳಿಯುತ್ತಿತ್ತು. ಹುಡುಗಿ ಮೂಲೆಯಲ್ಲಿ ದಿಂಬಿನ ಚೀಲ ಮಡಚುತ್ತಿದ್ದಳು. ನಮ್ಮನ್ನು ನೋಡಿ ಕೈ ನಿಂತಿತು. ದೊಡ್ಡಪ್ಪನ ಕೈ ನಿಲ್ಲಲಿಲ್ಲ.

“ಬಟ್ಟೆ ಕೊಡೋದಿದ್ರೆ ಕೊಡಿ. ಮಾತಿದ್ರೆ ಹೊರಡಿ.”

ಕ್ಷಮಿಸಿ ಎಂಬ ಶಬ್ದ ಅವಳ ಬಾಯಲ್ಲಿ ನಾನು ಕೇಳಿಯೇ ಇಲ್ಲ, ಆವತ್ತೂ ಕೇಳಲಿಲ್ಲ. ಯಾರೂ ಕೂರಿ ಎನ್ನದಿದ್ದರೂ ಸ್ಟೂಲೆಳೆದುಕೊಂಡು ಕೂತಳು. ಚೀಲದಿಂದ ಬಿಳಿ ಹಾಳೆ, ಕೆಂಪು ಪೆನ್ನು ತೆಗೆದಳು.

“ನನಗೂ ಒಂದು ‘ಇಲ್ಲ’ ಬರೆಸಿ. ಮಕ್ಕಳನ್ನ ಕಾಲೇಜಿಗೆ ಕಳಿಸೋ ಕೆಲಸಕ್ಕೆ ಈಯಮ್ಮ ಯಾಕೆ ಲಾಯಕ್ಕಿಲ್ಲ ಅಂತ. ಮೂರು ಕಾರಣ.”

“ನಂಗೆ ಕೆಲ್ಸ ಇದೆ.”

“ಕೆಲ್ಸ ಕೈಗೆ. ಬಾಯಿ ಖಾಲಿ ಇದೆಯಲ್ಲ, ಹೇಳಿ.”

ಆತ ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ಅವಳನ್ನೇ ನೋಡಿದ. ಈ ಹೆಂಗಸು ಆಡಿಕೊಳ್ಳುತ್ತಿದ್ದಾಳೋ ಹೇಗೆ ಎಂದು ಅಳೆಯುವ ಹಾಗಿತ್ತು. ಆಮೇಲೆ ಒಂದು ತೋಳಿನ ಮೇಲೆ ನೀರು ಚಿಮುಕಿಸುತ್ತ, “ಬರ್ಕೊಳಿ. ಬಾಯಿ ಸರಿ ಇಲ್ಲ” ಎಂದ.

“ಬಾಯಿ... ಸರಿ... ಇಲ್ಲ. ಹೂಂ, ಎರಡು.”

“ಎರಡು.” ಸುಯ್ ಎಂದು ಹಬೆ ಎದ್ದಿತು. “ಒಂದು ವರ್ಷದಿಂದ ಇವಳು ನಿಮ್ಮ ಹತ್ರ ಬರ್ತಿದಾಳೆ. ಒಂದಿನ ನನ್ನನ್ನ ಕರೆದು, ನಿಮಗೇನನ್ಸುತ್ತೆ ಅಂತ ಕೇಳಿದ್ರಾ? ಬೇಡ ಅಂತಾನೆ ಅಂತ ನೀವೇ ತೀರ್ಮಾನ ಮಾಡಿದ್ರಿ. ಅದನ್ನ ಅವಳ ತಲೇಗೂ ತುಂಬಿದ್ರಿ. ನಾನು ಬೇಡ ಅಂದಿದ್ದು ಯಾವತ್ತು? ನೋಡೋಣ ಅಂದಿದ್ದೆ.”

ಹುಡುಗಿ ಮೂಲೆಯಿಂದ ಬಾಯಿ ತೆರೆದಳು. “ನೀನು ನೋಡೋಣ ಅಂದಿದ್ದು ಎಲ್ಲಾನೂ ಆಗಲ್ಲ ಅಂತಾನೇ ಆಗಿರೋದು ದೊಡ್ಡಪ್ಪ. ಸೈಕಲ್ಲಿಗೂ ನೋಡೋಣ ಅಂದಿದ್ದೆ.”

“ಸೈಕಲ್ ಬೇರೆ!”

ಇಲ್ಲಕ್ಕ ತಲೆ ಎತ್ತದೆ ಬರೆಯುತ್ತಿದ್ದಳು. ಎರಡನೆಯ ಕಾರಣಕ್ಕೆ ಆರು ಸಾಲು ಹಿಡಿಯಿತು. ಅವಳ ಅಕ್ಷರ ಅಷ್ಟು ನಿಧಾನವಾಗಿ ಕದಲಿದ್ದನ್ನು ನಾನು ಬೇರೆ ಯಾವತ್ತೂ ನೋಡಿಲ್ಲ.

“ಮೂರು?”

“ಗುರುವಾರ ಬಾ ಅಂದ್ರೆ ಬಂದ್ಬಿಡ್ಬೇಕಾ? ಗುರುವಾರ ಹೋಟೆಲ್ಲಿನ ಬಟ್ಟೆ ಬರುತ್ತೆ, ಸಂಜೆಯೊಳಗೆ ವಾಪಸ್ ಕೊಡ್ಬೇಕು. ಕೊಡದಿದ್ರೆ ಮುಂದಿನ ವಾರದಿಂದ ಬೇರೆ ಅಂಗಡಿ. ಇವಳೂ ಇರಲ್ಲ, ನಾನೂ ಇರಲ್ಲ, ಅಂಗಡಿ ಯಾರು ನೋಡ್ತಾರೆ? ನಿಮಗೆ ಕಳಿಸೋದೊಂದು ಗೊತ್ತು. ಕಳಿಸಿದ ಮೇಲೆ ಇಲ್ಲಿ ಬಿದ್ದಿರೋ ಕೆಲ್ಸ ಯಾರು ಮಾಡ್ತಾರೆ ಅಂತ ಯೋಚ್ನೆ ಮಾಡಿದ್ದೀರಾ?”

ಅವಳು ಬರೆದು ಮುಗಿಸಿ, ಕೆಳಗೆ ಗೆರೆ ಎಳೆದು, ಹಾಳೆಯನ್ನು ಒಮ್ಮೆ ಓದಿಕೊಂಡಳು.

“ಒಂದನೇದು ನಿಜ. ಈ ವಯಸ್ಸಲ್ಲಿ ರಿಪೇರಿ ಆಗಲ್ಲ. ಎರಡನೇದೂ ನಿಜ. ಅದಕ್ಕೆ ಏನು ಉತ್ತರ ಕೊಡ್ಬೇಕು ಅಂತ ಈಗ ಗೊತ್ತಾಗ್ತಿಲ್ಲ. ಮೂರನೇದಕ್ಕೆ ಉತ್ತರ ಇದೆ. ಗುರುವಾರ ನಾನು ಬರ್ತೀನಿ.”

“ಎಲ್ಲಿಗೆ?”

“ಇಲ್ಲಿಗೆ. ಅಂಗಡಿಗೆ.”

“ಇಸ್ತ್ರಿ ಬರುತ್ತಾ ನಿಮಗೆ?”

“ಇಲ್ಲ.”

ಆತ ಇಸ್ತ್ರಿಪೆಟ್ಟಿಗೆಯನ್ನು ಕಂಬಳಿಯ ಮೇಲೆ ಒಂದು ಸಲ ಎಳೆದ, ಇನ್ನೊಂದು ಸಲ ಎಳೆದ. ಆಮೇಲೆ ಅವಳ ಕಡೆ ನೋಡದೆ, “ಕಾಲರಿಂದ ಶುರು ಮಾಡ್ಬೇಕು. ಆಮೇಲೆ ತೋಳು. ಬೆನ್ನು ಕೊನೇಗೆ” ಎಂದ. “ಬೆಳಿಗ್ಗೆ ಆರಕ್ಕೆ ಬನ್ನಿ. ತಡ ಮಾಡಿದ್ರೆ ಬಾಗಿಲು ಹಾಕ್ಕೊಂಡು ಮನೇಲೇ ಕೂತ್ಕೋತೀನಿ.”

ಗುರುವಾರ ನಾನೂ ರಜೆ ಹಾಕಿದೆ. ಬಸ್ಸು ಹತ್ತುವ ಮುಂಚೆ ದೊಡ್ಡಪ್ಪ ಅರ್ಧ ಗಂಟೆ ಅವಳಿಗೆ ಪಾಠ ಮಾಡಿದ. ಪ್ರತಿ ಮಾತಿಗೂ “ಅಯ್ಯೋ, ಹಾಗಲ್ಲ!” ಎನ್ನುತ್ತಿದ್ದ. ಅವಳು ತಿರುಗಿ ಒಂದು ಮಾತನ್ನೂ ಆಡದೆ ಕಲಿತಳು. ಹುಡುಗಿಗೆ ಇಲ್ಲಕ್ಕ ಕೊನೆಯದಾಗಿ ಹೇಳಿದ್ದು ಇಷ್ಟೇ: “ನೆಲ ನೋಡಿದ್ರೆ ಕಾಲು ಮುರೀತೀನಿ.”

ಆ ದಿನ ನಮ್ಮಿಬ್ಬರ ಸ್ನೇಹದಲ್ಲೇ ಕೆಟ್ಟ ದಿನ, ಒಳ್ಳೆಯ ದಿನವೂ ಅದೇ. ಹೋಟೆಲ್ಲಿನ ಹಾಸುಬಟ್ಟೆಗಳು ಮುಗಿಯುವ ಲಕ್ಷಣವಿರಲಿಲ್ಲ. ನಾನು ಮಡಚಿದ್ದು ಸೊಟ್ಟಗಾಯಿತೆಂದು ಅವಳು ಬೈದಳು, “ಗಣಿತದ ಟೀಚರಂತೆ! ಒಂದು ಚೌಕ ಮಾಡೋಕೆ ಬರಲ್ಲ.” ಅವಳು ಇಸ್ತ್ರಿ ಮಾಡಿದ ಷರಟಿನ ತೋಳಿಗೆ ಎರಡೆರಡು ಗೆರೆ ಬಿದ್ದವೆಂದು ನಾನು ಬೈದೆ. ಗಿರಾಕಿಗಳು ಬಂದು ಇಬ್ಬರನ್ನೂ ಬೈದರು. ಬ್ಯಾಂಕಿನವನೊಬ್ಬ ತನ್ನ ಪ್ಯಾಂಟು ಎತ್ತಿ ಹಿಡಿದು, “ಇದೇನಮ್ಮ, ಇಸ್ತ್ರಿ ಮಾಡಿದ್ದಾ, ಇದರ ಮೇಲೆ ಮಲಗಿದ್ದಾ?” ಎಂದು ಕೇಳಿದ. “ಹಾಕ್ಕೊಂಡು ಕೂತ್ರೆ ಹೇಗೂ ಮುದುರುತ್ತೆ, ನಡೀರಿ” ಎಂದಳು.

ಮಧ್ಯಾಹ್ನ ಮೂರರ ಹೊತ್ತಿಗೆ ಸುಟ್ಟ ವಾಸನೆ ಬಂತು. ಆಕಾಶನೀಲಿ ಷರಟಿನ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯ ಅಚ್ಚು, ದೋಣಿಯಾಕಾರದಲ್ಲಿ, ಕಂದು ಬಣ್ಣಕ್ಕೆ ತಿರುಗಿತ್ತು. ಗಂಟಿನ ಚೀಟಿ ನೋಡಿದೆ. ಹೆಡ್‌ಮಾಸ್ಟರದು. ಬೇಕೆಂದೇ ಮಾಡಿದ್ದಲ್ಲ ಎಂದು ಅವಳು ಹೇಳಿದಳು. ಅದಕ್ಕೆ ಸಾಕ್ಷಿಯಾಗಿ ನಿಲ್ಲು ಎಂದರೆ ನಾನು ಸ್ವಲ್ಪ ಯೋಚಿಸಬೇಕಾಗುತ್ತದೆ. ಅವಳು ನಕ್ಕದ್ದು ಬೆರಳೆಣಿಕೆ ಎಂದೆನಲ್ಲ, ಅದರಲ್ಲಿ ಒಂದು ಬೆರಳು ಆ ಮಧ್ಯಾಹ್ನದ್ದು.

ಐದೂವರೆಯ ಬಸ್ಸಿಗೆ ಅವರಿಬ್ಬರೂ ಬಂದಿಳಿದರು. ದೊಡ್ಡಪ್ಪ ಮೊದಲು ಗಂಟುಗಳನ್ನು ಎಣಿಸಿದ, ಒಂದೊಂದನ್ನೂ ಬಿಚ್ಚಿ ನೋಡಿದ, ಮುಖ ಕಿವುಚಿದ. ನೀಲಿ ಷರಟು ಕೈಗೆ ಬಂತು.

“ಇದ್ಯಾರದು?”

“ಹೆಡ್‌ಮಾಸ್ಟರದು.”

“ನಾಲ್ಕನೇ ಕಾರಣ ಬರ್ಕೊಳಿ.”

ಸಂದರ್ಶನ ಹೇಗಾಯಿತೆಂದು ಹುಡುಗಿ ಹೇಳಿದಳು. ಇವಳನ್ನು ಇಪ್ಪತ್ತು ನಿಮಿಷ ಕೇಳಿದರಂತೆ, ಇವಳು ಕಿಟಕಿ ನೋಡಿಕೊಂಡು ಉತ್ತರಿಸಿದಳಂತೆ. “ನೆಲಕ್ಕಿಂತ ವಾಸಿ” ಎಂದಳು ಇಲ್ಲಕ್ಕ. ಕೊನೆಗೆ ಅವರು ದೊಡ್ಡಪ್ಪನನ್ನು ಕೇಳಿದರಂತೆ, ಹುಡುಗಿ ಓದುವುದು ನಿಮಗೆ ಇಷ್ಟ ಇದೆಯೇ ಎಂದು.

“ಏನಂದ್ರಿ?” ಇಲ್ಲಕ್ಕ ಆತನನ್ನೇ ಕೇಳಿದಳು.

“ಇನ್ನೇನನ್ನಲಿ? ಇಷ್ಟ ಇಲ್ದಿದ್ರೆ ಆ ಹೆಂಗಸಿನ ಕೈಲಿ ಅಂಗಡಿ ಬಿಟ್ಟು ಬರ್ತಿದ್ನಾ ಅಂದೆ.”

ಅವರಿಗೆ ಅದು ಅರ್ಥವಾಗಿರಲಾರದು. ಇಲ್ಲಕ್ಕ ತನ್ನ ಚೀಲ ಎತ್ತಿಕೊಂಡು ಬೇಗಬೇಗ ಓಣಿಗೆ ಇಳಿದಳು. ನಾನು ಹಿಂದೆ ಓಡಬೇಕಾಯಿತು. ಅವಳ ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ ಎದ್ದಿತ್ತು. ಅವಳು ಅದನ್ನು ನೋಡಿಕೊಳ್ಳುತ್ತಿರಲಿಲ್ಲ, ನಾನೇ ನೋಡಿದ್ದು.

ಎಂಟು ದಿನ ಕಳೆದು, ಶುಕ್ರವಾರ ಬೆಳಿಗ್ಗೆ ಲೈಬ್ರರಿಯ ಬಾಗಿಲು ತೆರೆದಿರಲಿಲ್ಲ. ಲೈಬ್ರರಿಯ ಬೀಗದ ಕೈ ಅವಳಿಗೆ ಬಂದ ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ. ಅವಳ ಕೋಣೆಗೆ ಹೋದೆವು. ಹಾಸಿಗೆಯಲ್ಲಿ ಮಗ್ಗುಲಾಗಿ ಮಲಗಿದ್ದಳು. ಹೃದಯ ಎಂದರು ಡಾಕ್ಟರು. ಹಿಂದಿನ ದಿನ ಸಂಜೆ ನಾವು ಆಡಿದ ಕೊನೆಯ ಮಾತು ಪಂಚಿಂಗ್ ಮೆಷಿನ್ನಿನದು. ನನ್ನದನ್ನು ಅವಳು ಒಯ್ದಿದ್ದಳು. ನಾನು ಕೇಳಿದೆ, “ಇಲ್ಲ” ಎಂದಳು. “ನಿನ್ನ ಹತ್ರ ಕೇಳೋದೂ ಒಂದೇ, ಗೋಡೆ ಹತ್ರ ಕೇಳೋದೂ ಒಂದೇ” ಎಂದು ಹೇಳಿ ನಾನು ಬಾಗಿಲು ಬಡಿದು ಬಂದಿದ್ದೆ. ಅದು ಈಗಲೂ ಅವಳ ಡ್ರಾಯರಿನಲ್ಲಿದೆ. ನಾನು ಮುಟ್ಟಿಲ್ಲ.

ಅವಳಿದ್ದಾಗ ಮೇಜು ಮುಟ್ಟುವ ಧೈರ್ಯ ಬಾರದೆ, ಶೋಕಸಭೆ ಮುಗಿದ ಮಾರನೆಯ ದಿನ ಹೆಡ್‌ಮಾಸ್ಟರು ಬೀರು ಹೊತ್ತ ಇಬ್ಬರು ಆಳುಗಳನ್ನು ಕರೆದುಕೊಂಡು ಲೈಬ್ರರಿಗೆ ಬಂದರು. ನಾನು ಆ ಮೇಜಿನ ಮುಂದೆ ಕೂತಿದ್ದೆ.

“ನೀವ್ಯಾಕೆ ಇಲ್ಲಿ ಟೀಚರೇ?”

“ಮೃದುಭಾಷಿಗಳ ಜಾಗ ಸಾರ್. ಖಾಲಿ ಬಿಡೋದು ಬೇಡ ಅಂತ.”

ಬೀರು ಈಗ ಅವರ ಕೋಣೆಯಲ್ಲಿದೆ. ನನ್ನ ಬಿಡುವಿನ ಗಂಟೆಗಳೆಲ್ಲ ಈ ಮೇಜಿಗೆ ಬಂದಿವೆ.

ಅಲ್ಲಿ ಕೂತಿದ್ದಾಗಲೇ ಒಂದು ದಿನ ದೊಡ್ಡಪ್ಪ ಬಂದ, ಜತೆಗೆ ಹುಡುಗಿ. ಈ ಸಲವೂ ಕಾಗದವನ್ನು ಮೇಜಿನ ಮೇಲೆ ಬಡಿದ. ಟ್ರಸ್ಟಿನ ಉತ್ತರ. ಈ ಸಲದ್ದು ನಿಜವಾದದ್ದು. ಆಯ್ಕೆ ಮಾಡಲಾಗಿಲ್ಲ, ವಂದನೆಗಳು. ಎರಡೇ ಸಾಲು.

“ಕಾರಣ ಎಲ್ಲಿ?” ಆತ ಕೇಳಿದ.

“ಅವರು ಕಾರಣ ಕೊಡಲ್ಲ.”

“ಕೊಡಲ್ಲ ಅಂದ್ರೆ? ನಿಮ್ಮ ಇಲ್ಲಕ್ಕ ಬರೆಸಿದ ಕಾಗದದಲ್ಲಿ ಮೂರು ಕಾರಣ ಇತ್ತು. ಮೈಯೆಲ್ಲ ಉರೀತು, ಬಂದು ಜಗಳ ಆಡ್ದೆ. ಇದರ ಜತೆ ಹೇಗೆ ಜಗಳ ಆಡೋದು? ಇದಕ್ಕೆ ಕೈಯೂ ಇಲ್ಲ, ಕಾಲೂ ಇಲ್ಲ.” ಮೇಜಿನ ಆಚೆ, ಅವಳು ಕೂರುತ್ತಿದ್ದ ಕುರ್ಚಿಯನ್ನು ನೋಡಿದ. ಅದರಲ್ಲಿ ಈಗ ನಾನಿದ್ದೆ. “ಅವರಿದ್ದಿದ್ರೆ ಏನಂತಿದ್ರು?”

ನಾನು ಬಿಳಿ ಹಾಳೆಯೊಂದನ್ನು ಮುಂದೆ ತಳ್ಳಿದೆ. ಆತ ಕುರ್ಚಿ ಎಳೆದುಕೊಂಡು ಕೂತು, “ಬರಿ” ಎಂದ ಹುಡುಗಿಗೆ. “ಒಂದು. ಕಿಟಕಿ ನೋಡ್ಕೊಂಡು ಮಾತಾಡ್ತಾಳೆ. ಎರಡು...”

“ಎರಡು, ಪೋಷಕರು ಸಂದರ್ಶನದಲ್ಲಿ ಸಂಬಂಧವಿಲ್ಲದ ಹೆಂಗಸಿನ ಬಗ್ಗೆ ಮಾತಾಡುತ್ತಾರೆ” ಎಂದಳು ಹುಡುಗಿ.

“ಬರ್ಕೊ, ಬರ್ಕೊ. ಸಂಬಂಧ ಇಲ್ಲದ್ದೇನಲ್ಲ ಅಂತ ಉತ್ತರಾನೂ ಬರ್ಕೊ.”

ನಾನು ಡ್ರಾಯರು ಎಳೆದು ಕಾರ್ಡುಗಳನ್ನು ಒಂದೊಂದಾಗಿ ತಿರುವಿದೆ. ಕೊನೆಯ ದಿನಾಂಕ ಮುಗಿಯದವು ಐದು ಉಳಿದಿದ್ದವು. ಅದರಲ್ಲಿ ಒಂದರ ಕೆಳಗೆ ಕೆಂಪು ಪೆನ್ನಿನಲ್ಲಿ ಬರೆದಿತ್ತು: ‘ಸಂದರ್ಶನವಿಲ್ಲ, ಬರೆದ ಉತ್ತರ ಮಾತ್ರ. ಮನೆಯವರ ಅಭಿಪ್ರಾಯಕ್ಕೆ ಒಂದು ಪುಟ ಇದೆ. ಮನೆಯವರೇ ಬರೆಯಬೇಕು.’ ಆ ಕೊನೆಯ ಎರಡು ಪದಗಳ ಶಾಯಿ ಹೊಸದಾಗಿತ್ತು, ಕೆಳಗೆ ಗೆರೆ ಎಳೆದಿದ್ದಳು. ಎರಡನೆಯ ಕಾರಣಕ್ಕೆ ಅವಳು ಹುಡುಕಿದ ಉತ್ತರ ಇದೇ ಇರಬೇಕು ಎಂದು ನಾನು ತಿಳಿದಿದ್ದೇನೆ. ಆ ಪುಟವನ್ನು ದೊಡ್ಡಪ್ಪ ನಾಲ್ಕು ದಿನ ಬರೆದ. ಯಾರಿಗೂ ತೋರಿಸದೆ ತಾನೇ ಲಕೋಟೆಗೆ ಅಂಟು ಹಾಕಿದ.

ಒಂದೂವರೆ ತಿಂಗಳಿಗೆ ಉತ್ತರ ಬಂತು. ಆಯ್ಕೆಯಾಗಿದೆ, ಅಭಿನಂದನೆಗಳು. ಹುಡುಗಿ ಕಿರುಚಿದ್ದು ಸೈಕಲ್ ನಿಲ್ಲಿಸುವ ಕಡೆಗೆಲ್ಲ ಕೇಳಿಸಿತು. ದೊಡ್ಡಪ್ಪ ಮಾತ್ರ ಕಾಗದ ಹಿಡಿದು ನಿಂತಿದ್ದ. ಹಿಂದೆ ತಿರುಗಿಸಿ ನೋಡಿದ.

“ಇದ್ರಲ್ಲೂ ಕಾರಣ ಇಲ್ಲ.”

“ನನಗೆ ಬಂದಿದ್ರಲ್ಲೂ ಇರಲಿಲ್ಲ” ಎಂದೆ.

ಹೇಳಿದ ಮೇಲೆ ನನಗೆ ಹೊಳೆಯಿತು. ನಲವತ್ತು ವರ್ಷದಲ್ಲಿ ನಾನು ಇದನ್ನು ಅವಳಿಗೆ ಹೇಳಿಯೇ ಇರಲಿಲ್ಲ. ನನ್ನ ‘ಹೌದು’ ಕೂಡ ಎರಡೇ ಸಾಲಿನದಾಗಿತ್ತು. ನನ್ನನ್ನು ಯಾಕೆ ಆರಿಸಿದರೆಂದು ನನಗೂ ಗೊತ್ತಿಲ್ಲ. ಅವಳು ಒಂದು ಸಲವೂ ಕೇಳಲಿಲ್ಲ, ನಾನಾಗಿ ಹೇಳಲೂ ಇಲ್ಲ. ಗೆದ್ದವಳಿಗೆ ಕಾರಣವಿದೆ ಎಂದು ಅವಳು ನಂಬಿಕೊಂಡಿರಲಿ ಎಂದು ನನ್ನೊಳಗೆ ಎಲ್ಲೋ ಇತ್ತೇನೋ. ಅವಳ ಬಾಯಿ ಕೆಟ್ಟದ್ದು ಎಂದು ಎಲ್ಲರೂ ಹೇಳುತ್ತಾರೆ. ನಾನು ಬಾಯಿ ಮುಚ್ಚಿಕೊಂಡಿದ್ದುದು ಅದಕ್ಕಿಂತ ಕೆಟ್ಟದ್ದು.

ದೊಡ್ಡಪ್ಪ ಕಾಗದ ಮಡಚಿ ಜೇಬಿಗಿಟ್ಟುಕೊಂಡ. “ಸೋಮವಾರ ಇವಳನ್ನ ಹಾಸ್ಟೆಲಿಗೆ ಬಿಟ್ಟು ಬರ್ಬೇಕು. ಆರಕ್ಕೆ ಅಂಗಡಿಗೆ ಬನ್ನಿ. ಕಾಲರಿಂದ ಶುರು, ಗೊತ್ತಲ್ಲ?” ಬಾಗಿಲವರೆಗೆ ಹೋದವನು ತಿರುಗಿದ. “ಹೆಡ್‌ಮಾಸ್ಟರ ಷರಟಿದ್ರೆ ಮುಟ್ಟಬೇಡಿ.”

ಸೋಮವಾರ ಆರಕ್ಕೆ ಹೋದೆ. ಗಂಟಿನಲ್ಲಿ ಹೆಡ್‌ಮಾಸ್ಟರ ಷರಟು ಎರಡಿದ್ದವು.